ಇಟ್ಟ ಎಲೆಯನ್ನು ಹಿಂತೆಗೆಯಬಹುದೆ?

ಇಸ್ಪೀಟಿನಾಟದ ವಿಷಯವನ್ನು ಸಾಹಿತ್ಯದ ಪುಟದಲ್ಲಿ ಎತ್ತಿಕೊಳ್ಳುವುದು ಉಚಿತವೆ ಎಂದು ವಾಚಕರು ಕೇಳಿಯಾರು. ಕನ್ನಡ ಪಾಠ ಹೇಳುವವನೊಬ್ಬನಿಗೆ ಈ ಪ್ರಶ್ನೆ ಹೊಸದಲ್ಲ. ಜೂಜಿನ ಒಂದು ಹಲಗೆಯಿಂದ ಹುಟ್ಟಿದ ಕಥೆಯನ್ನೇ ನಮ್ಮ ಕವಿಗಳು ಸಾವಿರ ವರ್ಷಗಳಿಂದ ಹಾಡುತ್ತ ಬಂದಿದ್ದಾರೆ; ನಾವು ಅದನ್ನೇ ತರಗತಿಯಲ್ಲಿ ಓದಿಸುತ್ತ ಬಂದಿದ್ದೇವೆ. ಆಟದ ಕಟ್ಟಳೆ ಸಡಿಲವಾದರೆ ಏನಾಗುತ್ತದೆಂಬುದನ್ನು ಭಾರತ ಕಥೆಗಿಂತ ಚೆನ್ನಾಗಿ ಹೇಳಿದ ಗ್ರಂಥ ಬೇರೊಂದಿಲ್ಲ. ಆ ಕಥೆಯ ಕಡೆಗೆ ಆಮೇಲೆ ಬರುತ್ತೇನೆ. ಮೊದಲು ನನ್ನದೇ ಒಂದು ಸಣ್ಣ ಕಥೆಯನ್ನು ಒಪ್ಪಿಸಿಬಿಡಬೇಕು. ಅದರಲ್ಲಿ ತಪ್ಪು ನನ್ನದು.

ನನ್ನ ಊರು ಚಿತ್ತಾಪುರ ತಾಲೂಕಿನ ಗುಂಡಗುರ್ತಿ. ಊರ ಕಟ್ಟೆಗೆ ಹಾಸಿದ ಶಹಾಬಾದು ಫರ್ಸಿಯ ಮೇಲೆ ಯಾವ ಕಾಲದಲ್ಲೋ ಯಾರೋ ಉಳಿಯಿಂದ ಹುಲಿ-ಕುರಿಯಾಟದ ಮನೆಗಳನ್ನು ಕೊರೆದಿದ್ದರು. ಬಾಲ್ಯದಲ್ಲಿ ಅಲ್ಲಿ ಕುಳಿತು ಹಿರಿಯರೊಡನೆ ಆಡಿದ್ದೇನೆ. ಕುರಿಯನ್ನು ಇಟ್ಟು, ಹುಲಿಯ ಬಾಯಿ ಕಂಡು, ಅಯ್ಯೋ ಎಂದು ತೆಗೆಯಹೋದರೆ ಹಿರಿಯರು ಮಣಿಕಟ್ಟನ್ನು ಹಿಡಿಯುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ಆ ಫರ್ಸಿಯ ಮೇಲಿನ ಬೆಣಚುಕಲ್ಲಿನ ಕುರಿಗಳಿಂದ.

ಬ್ರಿಜ್ ಎಂಬ ಆಟವನ್ನು ನಾನು ಕಲಿತದ್ದು ಬಹಳ ತಡವಾಗಿ. 2020ರ ಮಾರ್ಚಿಯಲ್ಲಿ ಕೋವಿಡ್‌ನಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿತು. ಉಳಿದ ಊರುಗಳಿಗಿಂತ ಮುಂಚೆಯೇ ನಾವು ಬಾಗಿಲು ಹಾಕಿಕೊಂಡು ಕುಳಿತೆವು. ಆಗ ದೂರವಾಣಿಯಲ್ಲಿ ಮಾತನಾಡಿಸಿ ನನ್ನನ್ನು ಈ ಆಟಕ್ಕೆ ಎಳೆದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು. ತರುಣರಾಗಿದ್ದಾಗ ಶಹಾಬಾದಿನಲ್ಲಿ ನೌಕರಿ ಮಾಡುತ್ತಿದ್ದ ಅವರು ಅಲ್ಲಿನ ಸಿಮೆಂಟು ಕಾರ್ಖಾನೆಯ ಇಂಜಿನಿಯರುಗಳಿಂದ ಬ್ರಿಜ್ ಕಲಿತಿದ್ದರಂತೆ. ಈಗ ಎಂಬತ್ತನ್ನು ಸಮೀಪಿಸಿದ್ದಾರೆ. ಬಲಗೈ ಸ್ವಲ್ಪ ನಡುಗುತ್ತದೆ. ಅವರೂ ಪುಣೆಯಲ್ಲಿರುವ ಅವರ ಮಗಳೂ ಒಂದು ಜೋಡಿ, ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಇನ್ನೊಂದು ಜೋಡಿ. ಭಾನುವಾರ ಸಂಜೆ ನಾಲ್ಕು ಊರುಗಳಲ್ಲಿ ನಾಲ್ಕು ಮೊಬೈಲುಗಳ ಗಾಜಿನ ಮೇಲೆ ಒಂದು ಮೇಜು ಏರ್ಪಡುತ್ತಿತ್ತು. ಅದು ಇಂದಿಗೂ ನಡೆದಿದೆ.

ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಐವತ್ತೆರಡು ಎಲೆಗಳನ್ನು ನಾಲ್ವರಿಗೆ ಹದಿಮೂರರಂತೆ ಹಂಚುತ್ತಾರೆ. ಮೊದಲು ಕರೆಗಳು: ಇಷ್ಟು ಸುತ್ತುಗಳನ್ನು ಗೆಲ್ಲುತ್ತೇವೆಂದು ಜೋಡಿಗಳು ಏಲಂ ಕೂಗಿದಂತೆ ಕೂಗುತ್ತವೆ. ಗೆದ್ದ ಕರೆಯೇ ಒಪ್ಪಂದ. ಒಪ್ಪಂದ ಪಡೆದವನ ಜೊತೆಗಾರನು ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ಅವನ ಕೈಗೆ ಡಮ್ಮಿ ಎಂದು ಹೆಸರು. ಎದುರಾಳಿಗಳಿಬ್ಬರ ಕೈಗಳು ಮಾತ್ರ ಮುಚ್ಚಿರುತ್ತವೆ. ಆ ಮುಚ್ಚಿದ್ದನ್ನು ಊಹಿಸುವುದೇ ಆಟದ ಸಾರಸರ್ವಸ್ವ. ಇಂದು ಲೋಕವೆಲ್ಲ ಆಡುವ ಕಾಂಟ್ರಾಕ್ಟ್ ಬ್ರಿಜ್ಜಿಗೆ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬವನು 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ಇಂದಿನ ರೂಪ ಕೊಟ್ಟನು. ನಮ್ಮವರು ಇದರಲ್ಲಿ ಹಿಂದುಳಿದವರಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ದೇ ಸರ್ಕಾರ್ ಎಂಬಿಬ್ಬರು ಭಾರತಕ್ಕೆ ಚಿನ್ನದ ಪದಕ ತಂದರು. ಆಗ ಬರ್ಧನ್ ಅವರಿಗೆ ಅರವತ್ತು ವರ್ಷ.

ಒಂದು ಭಾನುವಾರ ನಾನು ತುರುಫಿಲ್ಲದ ಆಟದಲ್ಲಿ ಒಂಬತ್ತು ಸುತ್ತುಗಳ ಒಪ್ಪಂದ ಮಾಡಿದ್ದೆ. ಎಂಟು ಸುತ್ತುಗಳು ಕೈಯಲ್ಲಿದ್ದವು. ಒಂಬತ್ತನೆಯದಕ್ಕೆ ಎರಡು ದಾರಿಗಳಿದ್ದವು. ಡಮ್ಮಿಯಲ್ಲಿ ಆಟೀನಿನ ಎಕ್ಕವೂ ರಾಣಿಯೂ ಇದ್ದವು. ರಾಜನು ಎಡಗಡೆಯ ಮಾಸ್ತರರ ಕೈಯಲ್ಲಿದ್ದರೆ ರಾಣಿ ಗೆಲ್ಲುತ್ತಿತ್ತು. ಇದು ಒಂದು ದಾರಿ, ಐವತ್ತಕ್ಕೆ ಐವತ್ತು. ಇನ್ನೊಂದು, ಡಮ್ಮಿಯ ನಾಲ್ಕು ಕಳಾವರಗಳು. ಎದುರಾಳಿಗಳ ಆರು ಕಳಾವರಗಳು ಮೂರು ಮೂರಾಗಿ ಹಂಚಿದ್ದರೆ ನನ್ನ ನಾಲ್ಕನೆಯದು ಗೆಲ್ಲುತ್ತಿತ್ತು. ಹಾಗೆ ಹಂಚುವ ಸಂಭವ ನೂರಕ್ಕೆ ಸುಮಾರು ಮೂವತ್ತೈದು. ವಿವೇಕಿಯಾದವನು ಮೊದಲು ಕಳಾವರವನ್ನು ಪರೀಕ್ಷಿಸಿ, ಅದು ಕೈಕೊಟ್ಟರೆ ಮಾತ್ರ ಆಟೀನಿನ ಕಡೆಗೆ ತಿರುಗುತ್ತಾನೆ. ಎರಡು ದಾರಿಗಳೂ ಅವನಿಗೆ ದಕ್ಕುತ್ತವೆ. ನಾನು ಅವಸರದಲ್ಲಿ ಅದನ್ನು ಮರೆತು ನೇರವಾಗಿ ರಾಣಿಯನ್ನಿಟ್ಟೆ. ಬಲಗಡೆಯಿಂದ ಮಾಸ್ತರರ ಮಗಳು ರಾಜನನ್ನು ಹಾಕಿದಳು.

ಗಾಜಿನ ಮೂಲೆಯಲ್ಲಿ ‘ಹಿಂತೆಗೆತ’ದ ಗುಂಡಿ ಇತ್ತು. ನನ್ನ ಬೆರಳು ಅದರ ಮೇಲೆ ಹೋಯಿತು. “ಎಕ್ಕ ಇಡಬೇಕೆಂದಿದ್ದೆ, ಬೆರಳು ಜಾರಿತು” ಎಂದು ಬರೆದೆ. ಮಾಸ್ತರರ ಒಪ್ಪಿಗೆ ಆ ಕ್ಷಣವೇ ಬಂತು. ಮಗಳ ಒಪ್ಪಿಗೆ ಸ್ವಲ್ಪ ತಡೆದು ಬಂತು. ರಾಜ ಅವಳ ಕೈಗೆ ಮರಳಿದನು, ರಾಣಿ ಡಮ್ಮಿಗೆ ಮರಳಿದಳು. ನಾನು ಎಕ್ಕವನ್ನಿಟ್ಟು, ಕಳಾವರಗಳನ್ನು ಎಳೆದೆ. ಅವು ಮೂರು ಮೂರಾಗಿ ಹಂಚಿದ್ದವು. ಒಪ್ಪಂದ ಗೆದ್ದೆ. ನನ್ನ ಜೊತೆಗಾರರು ಅಭಿನಂದಿಸಿದರು.

ಬೆರಳು ಜಾರಿರಲಿಲ್ಲ. ನನಗೆ ಲೆಕ್ಕದಲ್ಲಿ ಶ್ರದ್ಧೆ ಕಲಿಸಿದ ಗುರುಗಳ ಮುಂದೆ, ಕೆಲವು ಅಂಕಗಳ ಒಂದು ಆಟಕ್ಕಾಗಿ, ಹಣದ ಮಾತೇ ಇಲ್ಲದ ಒಂದು ಆಟಕ್ಕಾಗಿ, ನಾನು ಸುಳ್ಳು ಹೇಳಿದ್ದೆ.

ಇದಾದ ಕೆಲವು ವಾರಗಳ ಮೇಲೆ ಇನ್ನೊಂದು ಪ್ರಸಂಗ ನಡೆಯಿತು. ಯಂತ್ರವು ಎಲೆಗಳನ್ನು ಬಣ್ಣ ಬಣ್ಣವಾಗಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ತೋರಿಸುತ್ತದೆ. ಆದ್ದರಿಂದ ಒಂದು ಬಣ್ಣದ ಕೊನೆಯ ಚಿಲ್ಲರೆ ಎಲೆಯ ಮಗ್ಗುಲಲ್ಲಿಯೇ ಮುಂದಿನ ಬಣ್ಣದ ಎಕ್ಕ ಕುಳಿತಿರುವುದು ಸಾಮಾನ್ಯ. ಮಾಸ್ತರರು ಆಟೀನಿನ ಎರಡನ್ನು ಬಿಸಾಡಬೇಕಾಗಿದ್ದಲ್ಲಿ ಪಕ್ಕದ ಡೈಮಂಡಿನ ಎಕ್ಕ ಬಿದ್ದುಹೋಯಿತು. ಬೇಕೆಂದು ಯಾರೂ ಎಕ್ಕವನ್ನು ಹಾಗೆ ಎಸೆಯುವುದಿಲ್ಲ; ಕೈ ನಡುಗಿತೆಂಬುದು ಮೇಜಿನಲ್ಲಿದ್ದ ಎಲ್ಲರಿಗೂ ಸ್ಪಷ್ಟವಾಗಿತ್ತು. ನಾವು ಕಾದೆವು. ಅವರು ಗುಂಡಿಯನ್ನು ಒತ್ತಲಿಲ್ಲ. ಆಟ ಸೋತರು. ರಾತ್ರಿ ದೂರವಾಣಿ ಮಾಡಿ, ಯಾಕೆ ಕೇಳಲಿಲ್ಲವೆಂದು ವಿಚಾರಿಸಿದೆ. ಅವರು ಹೇಳಿದರು: “ಬೆರಳು ಜಾರಿದ್ದು ನನಗ ಗೊತ್ತದ. ನಿಮಗ ಹ್ಯಾಂಗ ಗೊತ್ತಾಗಬೇಕು?”

ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ಹಿಂತೆಗೆತದ ನ್ಯಾಯ-ಅನ್ಯಾಯಗಳನ್ನು ಕುರಿತು ನಾನು ಯೋಚಿಸತೊಡಗಿದ್ದು ಅಂದಿನಿಂದ.

ಮರದ ಮೇಜಿನ ಸುತ್ತ ಕುಳಿತು ಆಡುವ ಬ್ರಿಜ್ಜಿಗೆ ಅಂತರರಾಷ್ಟ್ರೀಯ ಕಟ್ಟಳೆಗಳಿವೆ. ಸದ್ಯಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು 2017ರ ಪರಿಷ್ಕೃತ ಪಾಠ. ಅವನ್ನು ಓದಿದರೆ ಕಟ್ಟಳೆ ರಚಿಸಿದವರ ಸೂಕ್ಷ್ಮದೃಷ್ಟಿಗೆ ತಲೆದೂಗಬೇಕು. ಅಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರೆ ಬೇರೆಯಾಗಿ ಕಂಡಿದ್ದಾರೆ. ಹೇಳಬೇಕೆಂದದ್ದೊಂದು, ನಾಲಗೆ ತೊಡರಿ ಅಥವಾ ಕೈತಪ್ಪಿ ಹೊರಬಿದ್ದ ಕರೆ ಇನ್ನೊಂದು. ಇಂಥದನ್ನು, ಜೊತೆಗಾರನು ತನ್ನ ಕರೆ ಕೊಡುವ ಮೊದಲು, ತಿದ್ದಿಕೊಳ್ಳಬಹುದು. ಆದರೆ ಮನಸ್ಸು ಬೇರೆಡೆ ಹೋಗಿ, ಆ ಗಳಿಗೆಯಲ್ಲಿ ಬೇಕೆಂದೇ ಕೊಟ್ಟ ಕರೆಯನ್ನು ಆಮೇಲೆ ಪಶ್ಚಾತ್ತಾಪದಿಂದ ಬದಲಿಸುವಂತಿಲ್ಲ. ಕೈತಪ್ಪಿಗೆ ಕ್ಷಮೆ ಉಂಟು, ಬುದ್ಧಿತಪ್ಪಿಗೆ ಇಲ್ಲ. ಇನ್ನು ಕೈಯಿಂದ ಆಡಿದ ಎಲೆಯ ವಿಷಯದಲ್ಲಿ ಕಟ್ಟಳೆ ಹೆಚ್ಚು ಬಿಗಿ: ಎದುರಾಳಿಯ ಎಲೆಯ ಮುಖ ಅವನ ಜೊತೆಗಾರನಿಗೆ ಕಾಣುವಂತೆ ಹಿಡಿದರೆ ಸಾಕು, ಆ ಎಲೆ ಆಡಿದಂತೆಯೇ.

ಇನ್ನೊಂದು ವಿಧಿ ನನಗೆ ಇನ್ನೂ ಹೆಚ್ಚು ಅರ್ಥವತ್ತಾಗಿ ಕಂಡಿತು. ಯಾವುದೋ ಕಾರಣಕ್ಕೆ ಎಲೆಯೊಂದನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದಾಗ, ಅದರಿಂದ ಹೊರಬಿದ್ದ ತಿಳಿವನ್ನು ತಪ್ಪು ಮಾಡದ ಪಕ್ಷವು ಬಳಸಬಹುದು, ತಪ್ಪಿದ ಪಕ್ಷವು ಬಳಸಕೂಡದು. ಎಲೆಯನ್ನು ಕೈಗೆ ಮರಳಿಸಬಹುದು. ಕಂಡದ್ದನ್ನು ಕಣ್ಣಿಗೆ ಮರಳಿಸಲಾಗದು ಎಂಬ ಸತ್ಯವನ್ನು ಈ ವಿಧಿ ಒಪ್ಪಿಕೊಂಡಿದೆ. ನನ್ನ ಪ್ರಸಂಗದಲ್ಲಿ ರಾಣಿ ಡಮ್ಮಿಗೆ ಮರಳಿದಳು. ಆದರೆ ರಾಜನು ಯಾರ ಕೈಯಲ್ಲಿದ್ದಾನೆಂಬ ಅರಿವು ನನ್ನಲ್ಲಿಯೇ ಉಳಿಯಿತು. ಮಾಸ್ತರರ ಮಗಳು ಕೊಟ್ಟದ್ದು ಬರಿಯ ಒಪ್ಪಿಗೆಯನ್ನಲ್ಲ, ತನ್ನ ಮುಚ್ಚಿದ ಕೈಯ ಒಂದು ಗುಟ್ಟನ್ನು.

ಹುಲಿ-ಕುರಿಯಾಟಕ್ಕೂ ಬ್ರಿಜ್ಜಿಗೂ ಇರುವ ಭೇದವೇ ಇದು. ಫರ್ಸಿಯ ಮೇಲೆ ಎಲ್ಲವೂ ಬಟ್ಟಬಯಲು. ಅಲ್ಲಿ ಕುರಿಯನ್ನು ಹಿಂತೆಗೆದರೆ ಎದುರಾಳಿಗೆ ಆಗುವ ನಷ್ಟ ಸ್ವಲ್ಪ ಹೊತ್ತು, ಸ್ವಲ್ಪ ತಾಳ್ಮೆ. ಚದುರಂಗವೂ ಹಾಗೆಯೇ, ಆದರೂ ಚದುರಂಗದ ಸ್ಪರ್ಧೆಗಳಲ್ಲಿ ಮುಟ್ಟಿದ ಕಾಯನ್ನು ನಡೆಸಲೇಬೇಕೆಂಬ ನಿಯಮವಿದೆ. ಎಲ್ಲವೂ ಬಯಲಾಗಿರುವ ಆಟಕ್ಕೇ ಇಷ್ಟು ಬಿಗಿಯಾದರೆ, ಗುಟ್ಟೇ ಜೀವವಾಗಿರುವ ಆಟಕ್ಕೆ ಎಷ್ಟು ಬಿಗಿ ಬೇಕು?

ಜಾಲದ ಮೇಲಿನ ಆಟ ಹೊಸ ತೊಡಕೊಂದನ್ನು ತಂದಿದೆ. ಒಂದು ದೃಷ್ಟಿಯಿಂದ ಯಂತ್ರವು ಆಟವನ್ನು ಶುದ್ಧಗೊಳಿಸಿದೆ. ಸರದಿ ತಪ್ಪಿ ಆಡಲು ಅದು ಬಿಡದು. ಕೈಯಲ್ಲಿ ಬಣ್ಣವಿದ್ದೂ ಬೇರೆ ಬಣ್ಣ ಹಾಕಲು ಬಿಡದು. ಹಿಂದಿನ ಕರೆಗಿಂತ ಕೆಳಗಿನ ಕರೆಯನ್ನು ಕೂಗಲು ಬಿಡದು. ಮರದ ಮೇಜಿನ ನೂರು ಜಗಳಗಳು ಇದರಿಂದ ಮುಗಿದುಹೋದವು. ಆದರೆ ಅವುಗಳ ಬದಲು ಒಂದು ಹೊಸ ತಪ್ಪು ಹುಟ್ಟಿತು: ಬೆರಳಿನ ಜಾರು. ಅಂಗೈಯಗಲದ ಗಾಜಿನ ಮೇಲೆ ಹದಿಮೂರು ಎಲೆಗಳು ಒಂದನ್ನೊಂದು ಒತ್ತಿಕೊಂಡು ನಿಂತಾಗ ಇದು ಯಾರಿಗೂ ತಪ್ಪಿದ್ದಲ್ಲ. ಮುದುಕರಿಗಂತೂ ನಿತ್ಯದ ಕಾಟ. ಆದ್ದರಿಂದ ಬ್ರಿಜ್ ಬೇಸ್ ಆನ್‌ಲೈನ್‌ನಂತಹ ಪ್ರಸಿದ್ಧ ತಾಣಗಳಲ್ಲಿ ಹಿಂತೆಗೆತವನ್ನು ಬೇಡುವ ಗುಂಡಿಯೊಂದನ್ನು ಇಟ್ಟಿದ್ದಾರೆ. ಬೇಡಿದರೆ ಎದುರಾಳಿಗಳು ಒಪ್ಪಬಹುದು, ನಿರಾಕರಿಸಬಹುದು. ಸ್ಪರ್ಧೆ ನಡೆಸುವವರು ಬಯಸಿದರೆ ಹಿಂತೆಗೆತವನ್ನು ಮುಂಚಿತವಾಗಿಯೇ ನಿಷೇಧಿಸಲೂಬಹುದು.

ಎದುರಾಳಿಯ ಒಪ್ಪಿಗೆಗೆ ಬಿಡುವ ಈ ಪದ್ಧತಿ ಮೇಲುನೋಟಕ್ಕೆ ಸೌಜನ್ಯದ ಪದ್ಧತಿ. ನನಗೆ ಇದೇ ಎಲ್ಲಕ್ಕಿಂತ ಕೆಟ್ಟದೆನಿಸುತ್ತದೆ. ನಿರಾಕರಿಸಿದವನು ಜಿಪುಣನೆನಿಸಿಕೊಳ್ಳುತ್ತಾನೆ, ಒಪ್ಪಿದವನು ಮೋಸಹೋಗುತ್ತಾನೆ, ಇಲ್ಲವೆ ಮೋಸಹೋದೆನೋ ಏನೋ ಎಂಬ ಸಂಶಯವನ್ನು ಮನೆಗೆ ಒಯ್ಯುತ್ತಾನೆ. ಕೇಳುವವನು ಶಿಷ್ಯನಾಗಿದ್ದು ಕೊಡುವವನು ಗುರುವಾಗಿದ್ದರೆ, ಕೇಳುವವನು ಮೇಲಧಿಕಾರಿಯಾಗಿದ್ದು ಕೊಡುವವನು ಗುಮಾಸ್ತನಾಗಿದ್ದರೆ, ಒಪ್ಪಿಗೆ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ನಿಯಮವೇ ಇದ್ದರೂ ಅದು ಜಾರಿಯಾಗುವುದು ಎದುರಾಳಿಯ ಬಾಯಿಯಿಂದಲೇ ಆದರೆ ಏನಾಗುತ್ತದೆಂಬುದಕ್ಕೆ ಚದುರಂಗದ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಗ್ಯಾರಿ ಕಾಸ್ಪರೋವ್ ಹದಿನೇಳು ವರ್ಷದ ಜೂಡಿಟ್ ಪೋಲ್ಗಾರ್ ಎಂಬ ಹುಡುಗಿಯೊಡನೆ ಆಡುತ್ತ ಕುದುರೆಯೊಂದನ್ನು ಒಂದು ಮನೆಯಲ್ಲಿಟ್ಟು, ಕ್ಷಣಾರ್ಧ ಬೆರಳು ಬಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಒಯ್ದನು. ಬೆರಳು ಬಿಟ್ಟದ್ದು ಛಾಯಾಗ್ರಾಹಕ ಯಂತ್ರದಲ್ಲಿ ದಾಖಲಾಗಿತ್ತು. ಆದರೆ ಆ ಹೊತ್ತಿನಲ್ಲಿ ಹುಡುಗಿ ಆಕ್ಷೇಪಿಸಲಿಲ್ಲ. ಲೋಕದ ಅಗ್ರಮಾನ್ಯ ಆಟಗಾರನ ಎದುರು ಕುಳಿತ ಹದಿನೇಳರ ಪ್ರಾಯದವಳಿಗೆ ಅದು ಸುಲಭದ ಮಾತಲ್ಲ. ಆಟವನ್ನು ಕಾಸ್ಪರೋವ್ ಗೆದ್ದನು. ನಿಯಮ ಪುಸ್ತಕದಲ್ಲಿ ಸರಿಯಾಗಿಯೇ ಇತ್ತು. ಅದನ್ನು ನೆನಪಿಸುವ ಹೊರೆ ದುರ್ಬಲರ ಮೇಲೆ ಬಿದ್ದಿತ್ತು, ಅಷ್ಟೆ.

ಈಗ ನಮ್ಮ ಭಾರತ ಕಥೆಗೆ ಬರೋಣ. ಸಭಾಪರ್ವವನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ಶಕುನಿಯ ಮೋಸವನ್ನೇ ಹೆಚ್ಚಾಗಿ ಚರ್ಚಿಸುತ್ತಾರೆ. ನನ್ನ ಮನಸ್ಸನ್ನು ಈಚೆಗೆ ಹಿಡಿದಿರುವುದು ಧೃತರಾಷ್ಟ್ರನ ಔದಾರ್ಯ. ತನ್ನನ್ನೇ ಮೊದಲು ಸೋತವನಿಗೆ ಹೆಂಡತಿಯನ್ನು ಪಣವೊಡ್ಡುವ ಅಧಿಕಾರವೆಲ್ಲಿ ಎಂದು ದ್ರೌಪದಿ ಕೇಳಿದಳು. ಅದು ಆಟದ ಕಟ್ಟಳೆಯನ್ನು ಕುರಿತ ಪ್ರಶ್ನೆ. ಆ ಒಂದು ಪಣ ಸಿಂಧುವೋ ಅಸಿಂಧುವೋ ಎಂದು ಸಭೆ ತೀರ್ಪು ಕೊಡಬೇಕಾಗಿತ್ತು. ಸಭೆ ಕೊಡಲಿಲ್ಲ. ಭೀಷ್ಮನಂಥವನೇ ಧರ್ಮ ಸೂಕ್ಷ್ಮವೆಂದು ಹಿಂಜರಿದನು. ಕೊನೆಗೆ ಅಪಶಕುನಗಳಿಗೆ ಅಂಜಿದ ಕುರುಡ ದೊರೆ ವರಗಳನ್ನು ಕೊಟ್ಟನು. ಗಂಡಂದಿರು ದಾಸ್ಯದಿಂದ ಬಿಡುಗಡೆ ಹೊಂದಿದರು, ಸೋತ ರಾಜ್ಯವೂ ಮರಳಿತು. ಇಡೀ ಆಟವನ್ನೇ ಹಿಂತೆಗೆದಂತಾಯಿತು.

ಆದರೆ ಅದು ನ್ಯಾಯದಿಂದ ಬಂದ ಹಿಂತೆಗೆತವಲ್ಲ, ಕೃಪೆಯಿಂದ ಬಂದದ್ದು. ಕೃಪೆಯಿಂದ ಕೊಟ್ಟದ್ದನ್ನು ಕೃಪೆ ಬತ್ತಿದಾಗ ಮತ್ತೆ ಕಸಿಯಬಹುದು. ಪಾಂಡವರು ಇಂದ್ರಪ್ರಸ್ಥವನ್ನು ಮುಟ್ಟುವ ಮೊದಲೇ ಮಗನ ಮಾತಿಗೆ ಮಣಿದ ಅದೇ ತಂದೆ ಅವರನ್ನು ದಾರಿಯಿಂದ ಮರಳಿ ಕರೆಸಿದನು. ಮತ್ತೆ ಹಾಸಂಗಿ ಉರುಳಿತು. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಗಂಟುಬಿದ್ದವು. ದ್ರೌಪದಿಯ ಪ್ರಶ್ನೆಗೆ ಸಭೆ ಅಂದೇ ಉತ್ತರ ಕೊಟ್ಟು, ಆ ಪಣ ಸಲ್ಲದೆಂದು ನಿಯಮವನ್ನು ನಿಲ್ಲಿಸಿದ್ದರೆ ಎರಡನೆಯ ಆಟಕ್ಕೆ ಅಷ್ಟು ಸುಲಭವಾಗಿ ಹಲಗೆ ಹಾಸುತ್ತಿರಲಿಲ್ಲವೆಂದು ನನ್ನ ನಂಬಿಕೆ. ಕಟ್ಟಳೆ ಮಾತನಾಡಬೇಕಾದಲ್ಲಿ ಔದಾರ್ಯ ಮಾತನಾಡಿತು. ಅನರ್ಥ ಅಲ್ಲಿಂದ ಮುಂದುವರಿಯಿತು.

ಹಾಗಾದರೆ ನ್ಯಾಯವಾದ ನಿಯಮ ಯಾವುದು? ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ. ಕರೆಯ ವಿಷಯದಲ್ಲಿ, ಮುಂದಿನವನು ಕರೆ ಕೊಡುವವರೆಗೆ ಯಾರ ಒಪ್ಪಿಗೆಯನ್ನೂ ಬೇಡದೆ ತಿದ್ದಿಕೊಳ್ಳುವ ಅವಕಾಶ ಇರಲಿ, ಅಲ್ಲಿಂದಾಚೆಗೆ ಬೇಡ. ಎಲೆಯ ವಿಷಯದಲ್ಲಿ ಹಿಂತೆಗೆತ ಬೇಡವೇ ಬೇಡ. ಇದು ನಡುಗುವ ಕೈಗಳಿಗೆ ಕ್ರೂರವಲ್ಲವೆ ಎಂದರೆ, ಯಂತ್ರ ತಂದ ರೋಗಕ್ಕೆ ಯಂತ್ರದಲ್ಲಿಯೇ ಮದ್ದಿದೆ: ಎಲೆಯನ್ನು ಒಮ್ಮೆ ಮುಟ್ಟಿದರೆ ಅದು ಮೇಲೆದ್ದು ನಿಲ್ಲುವಂತೆ, ಎರಡನೆಯ ಸಲ ಮುಟ್ಟಿದ ಮೇಲೆಯೇ ಮೇಜಿಗೆ ಬೀಳುವಂತೆ ಏರ್ಪಾಡು ಮಾಡಿಕೊಳ್ಳಬಹುದು. ಕ್ಷಮೆಯನ್ನು ತಪ್ಪಿನ ಆಚೆಗೆ ಇಡುವುದಕ್ಕಿಂತ ಎಚ್ಚರವನ್ನು ತಪ್ಪಿನ ಈಚೆಗೆ ಇಡುವುದು ಲೇಸು. ಪರೀಕ್ಷೆಯ ವಿದ್ಯಾರ್ಥಿ ಕೊನೆಯ ಗಂಟೆಯವರೆಗೂ ಬರೆದದ್ದನ್ನು ಹೊಡೆದುಹಾಕಬಹುದು. ಹೊರಗೆ ಬಂದು ಗೆಳೆಯನ ಉತ್ತರ ಕೇಳಿದ ಮೇಲೆ ಹೊಡೆದುಹಾಕುವೆನೆಂದರೆ ಯಾರು ಒಪ್ಪುತ್ತಾರೆ?

ಕಲಿಯುವವರ ಮೇಜಿನ ಮಾತು ಬೇರೆ. ಅಲ್ಲಿ ಎಷ್ಟು ಸಲ ಬೇಕಾದರೂ ಹಿಂತೆಗೆಯಲಿ. ಹಿಂತೆಗೆಯದೆ ಯಾರೂ ಕಲಿತದ್ದಿಲ್ಲ. ಆದರೆ ಅಲ್ಲಿ ಅಂಕಗಳನ್ನು ಬರೆಯುವುದು ಬೇಡ. ಮುಖ್ಯವಾದುದು ಇಷ್ಟೆ: ನಿಯಮ ಯಾವುದೇ ಇರಲಿ, ಎಲೆ ಹಂಚುವ ಮೊದಲೇ ಎಲ್ಲರಿಗೂ ತಿಳಿದಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು, ಯಾರ ಅಂತರಂಗವನ್ನೂ ಇಣುಕಿ ನೋಡುವ ಅಗತ್ಯ ಅದಕ್ಕೆ ಬೀಳಬಾರದು. ಬೆರಳು ಜಾರಿತೋ ಬುದ್ಧಿ ಜಾರಿತೋ ಎಂಬುದನ್ನು ಗಾಜಿನ ಆಚೆ ಕುಳಿತವನು ಅರಿಯಲಾರನು. ಅರಿಯಲಾರದ್ದನ್ನು ಆಧಾರ ಮಾಡಿಕೊಂಡ ನಿಯಮ ಸತ್ಯವಂತನನ್ನು ಸುಮ್ಮನಿರಿಸುತ್ತದೆ, ಸುಳ್ಳನಿಗೆ ಗುಂಡಿ ಒದಗಿಸುತ್ತದೆ. ನಮ್ಮ ಮೇಜಿನಲ್ಲಿ ಆದದ್ದು ಅದೇ.

ಕಳೆದ ಬೇಸಗೆಯಲ್ಲಿ ಗುಂಡಗುರ್ತಿಗೆ ಹೋಗಿದ್ದೆ. ಮಾಸ್ತರರು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದರು. ಫರ್ಸಿಯ ಮೇಲಿನ ಗೆರೆಗಳು ಸವೆದು ಅರ್ಧ ಅಳಿಸಿವೆ. ಅಲ್ಲಿ ಕುಳಿತು ರಾಣಿಯ ಕಥೆಯನ್ನು ಹೇಳಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಅವರಿಗೆ ಅಂದೇ ತಿಳಿದಿತ್ತೆ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಆಮೇಲೆ ಹೇಳಿದರು: “ಮೊದಲ ನಿಯಮ ಮಾಡ್ಕೊಂಡಿದ್ರ ನೀ ಸುಳ್ಳು ಹೇಳೂ ಪ್ರಸಂಗ ಬರ್ತಿದ್ದಿಲ್ಲ. ನಾ ಹೂಂ ಅನ್ನೂ ಪ್ರಸಂಗನೂ ಬರ್ತಿದ್ದಿಲ್ಲ.” ತಪ್ಪಿನ ಅರ್ಧವನ್ನು ಅವರು ತಮ್ಮ ಮೇಲೆಯೇ ಎಳೆದುಕೊಂಡದ್ದು ನನ್ನನ್ನು ಹೆಚ್ಚು ನೋಯಿಸಿತು.

ಮುಂದಿನ ಭಾನುವಾರದಿಂದ ನಮ್ಮ ಮೇಜಿನಲ್ಲಿ ಹಿಂತೆಗೆತದ ಗುಂಡಿಯನ್ನು ಮುಚ್ಚಿಟ್ಟಿದ್ದೇವೆ. ಮಾಸ್ತರರ ಮೊಬೈಲಿನಲ್ಲಿ ಎರಡು ಸಲ ಮುಟ್ಟುವ ಏರ್ಪಾಡನ್ನು ಅವರ ಮಗಳು ಮಾಡಿಕೊಟ್ಟಿದ್ದಾಳೆ. ಆಟ ಸ್ವಲ್ಪ ನಿಧಾನವಾಗಿದೆ, ಯಾರಿಗೂ ಬೇಸರವಿಲ್ಲ. ನನಗೆ ಅಂತಹ ಏರ್ಪಾಡು ಬೇಡವೆಂದು ಜಂಬದಿಂದ ಹೇಳಿದ್ದೆ. ಹೋದ ವಾರ ನಿಜವಾಗಿಯೂ ನನ್ನ ಬೆರಳು ಜಾರಿ, ಗೆಲ್ಲುವ ಒಪ್ಪಂದವೊಂದು ಕೈಬಿಟ್ಟುಹೋಯಿತು. ಯಾರೂ ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಮುಂದಿನ ಎಲೆಗಳನ್ನು ಹಂಚಲಾಯಿತು.